ಮುಡುಪಿನ ಅಜ್ಜಿ

ಹಳೆಯ ಮೈಸೂರು ಸೀಮೆಯ ಬೇಸಾಯದ ಮನೆತನಗಳಲ್ಲಿ ಹೊಲಗದ್ದೆಗಳ ಮೇಲಿನ ಸಾಲವನ್ನು ಯಜಮಾನನು ನೋಡಿಕೊಳ್ಳುವನಾದರೆ, ದೇವಾನುದೇವತೆಗಳ ಸಾಲವನ್ನು ನೋಡಿಕೊಳ್ಳುವ ಭಾರ ಅನಾದಿಯಿಂದಲೂ ಅಜ್ಜಿಯ ಪಾಲಿಗೆ ಬಂದದ್ದು. ಮೊದಲನೆಯದಕ್ಕೆ ಪತ್ರ, ಸಾಕ್ಷಿ, ಬಡ್ಡಿ, ವಾಯಿದೆಗಳುಂಟು, ಎರಡನೆಯದಕ್ಕೆ ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಚೂರೂ ಅದರೊಳಗೊಂದು ನಾಣ್ಯವೂ ಇದ್ದರೆ ಸಾಕು. ಮೊದಲನೆಯದರ ವಾಯಿದೆ ತಪ್ಪಿದರೆ ಅಮೀನನು ಬರುವನು. ಎರಡನೆಯದು ತಪ್ಪಿದರೆ ಹಸು ಒದೆಯತೊಡಗುವುದು. ಇವೆರಡರಲ್ಲಿ ಯಾವುದು ಘೋರತರವೆಂಬ ವಿಷಯದಲ್ಲಿ ನಮ್ಮ ತಾತನಿಗೂ ಅಜ್ಜಿಗೂ ಕಡೆಯವರೆಗೆ ಒಮ್ಮತವುಂಟಾಗಲಿಲ್ಲ.

ಭಕ್ತಿಯೆಂದೊಡನೆ ಕಣ್ಣುಮುಚ್ಚಿ ಕುಳಿತ ಶಾಂತಮೂರ್ತಿಯನ್ನು ಕಲ್ಪಿಸಿಕೊಳ್ಳುವವರು ಈ ಜಾತಿಯ ಅಜ್ಜಿಯರನ್ನು ಕಂಡವರಲ್ಲ. ದೀಪ ಹಚ್ಚುತ್ತ "ಅಪ್ಪಾ ಮಾದೇಸ್ವರಾ" ಎಂದು ಪ್ರಾರಂಭಿಸಿದ ವಾಕ್ಯವನ್ನು "ಎಮ್ಮೆಗೆ ಕಲಗಚ್ಚು ಇಟ್ಟಿರೇನ್ರೇ?" ಎಂದು ಮುಗಿಸುವಾಗ ನಮ್ಮ ಅಜ್ಜಿಯ ಧ್ವನಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ, ದೇವರೂ ಸೊಸೆಯರೂ ಏಕಕಾಲದಲ್ಲಿ ಎಚ್ಚರಗೊಳ್ಳುತ್ತಿದ್ದರು. ಯಾವ ಕಷ್ಟಕ್ಕೆ ಯಾವ ದೇವರೆಂಬುದು ಆಕೆಗೆ ಕರತಲಾಮಲಕವಾಗಿತ್ತು. ನಾಗದೋಷಕ್ಕೆ ಘಾಟಿಯ ಸುಬ್ರಹ್ಮಣ್ಯ. ಮೇಯಲು ಹೋದ ದನ ಕತ್ತಲಾದರೂ ಬಾರದಿದ್ದರೆ ಹುಲಿಯನ್ನೇರಿದ ಮಾದೇಶ್ವರ. ಮೈಮೇಲೆ ಬೊಕ್ಕೆ ಎದ್ದರೆ ಊರಬಾಗಿಲಿನ ಮಾರಮ್ಮ. ಧರ್ಮಸ್ಥಳದ ಮಂಜುನಾಥನ ಹೆಸರನ್ನು ಮಾತ್ರ ಸುಮ್ಮಸುಮ್ಮನೆ ಎತ್ತಗೊಡುತ್ತಿರಲಿಲ್ಲ. ಗದ್ದೆಯ ಬದುವಿನ ಜಗಳ ಕೈಮೀರಿದ ದಿನಕ್ಕಾಗಿ ಆತನನ್ನು ಪ್ರತ್ಯೇಕವಾಗಿ ಕಾದಿರಿಸಿದ್ದಳು.

ಬಾಲ್ಯದಲ್ಲಿ ಒಮ್ಮೆ ನನ್ನ ಕಣ್ಣು ಕೆಂಪಡರಿ ಊದಿಕೊಂಡಿತು. ಕೂಡಲೇ ಪ್ರಕರಣವು ನಂಜನಗೂಡಿನ ಶ್ರೀಕಂಠೇಶ್ವರನಿಗೆ ವರ್ಗವಾಯಿತು. ಟಿಪ್ಪುಸುಲ್ತಾನನ ಪಟ್ಟದಾನೆಗೆ ಹೋದ ದೃಷ್ಟಿಯನ್ನು ಮರಳಿಸಿದನೆಂದೂ, ಅಂದಿನಿಂದ ಸುಲ್ತಾನನು ಆ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂದೂ ಐತಿಹ್ಯವುಂಟಷ್ಟೆ. "ಆನೆ ಕಣ್ಣೇ ಬಿಡಿಸ್ದೋನಿಗೆ ನಿನ್ನ ಗುಲಗಂಜಿಯಷ್ಟು ಕಣ್ಣು ಯಾವ ಲೆಕ್ಕ ಮಗಾ?" ಎಂದು ಅಜ್ಜಿ ನಾಣ್ಯವನ್ನು ತೊಳೆದು, ಅರಿಶಿನ ಬಳಿದು, ಬಟ್ಟೆಯಲ್ಲಿಟ್ಟು, ಹಲ್ಲಿನಿಂದ ಕಚ್ಚಿ ಬಿಗಿಯಾಗಿ ಗಂಟು ಹಾಕಿ, ನನ್ನ ಮುಖಕ್ಕೆ ಮೂರು ಸಲ ನಿವಾಳಿಸಿದಳು. ಕಣ್ಣು ವಾಸಿಯಾಯಿತು. ಆದರೆ ಅಜ್ಜಿ ಹೊತ್ತದ್ದು ಬೆಳ್ಳಿಯ ಕಣ್ಣಿನ ಹರಕೆಯೊಂದನ್ನೇ ಅಲ್ಲ, ನನ್ನ ಮುಡಿಯನ್ನೂ ಸೇರಿಸಿದ್ದಳೆಂಬುದು ಕಪಿಲೆಯ ಸೋಪಾನದ ಮೇಲೆ ಕ್ಷೌರಿಕನು ಕತ್ತಿ ಮಸೆಯತೊಡಗಿದಾಗಲೇ ನನಗೆ ತಿಳಿದದ್ದು. ನೋವು ಕಣ್ಣಿನದು, ಹೋದದ್ದು ಕೂದಲು.

ಈ ವರ್ಗದ ಅಜ್ಜಿಯರ ಮುಖ್ಯ ಲಕ್ಷಣವೇ ಇದು: ಹರಕೆ ಹೊರುವವರು ತಾವು, ತೀರಿಸುವ ಶರೀರ ಅನ್ಯರದು. ನಮ್ಮ ಚಿಕ್ಕಪ್ಪನ ಲೋವರ್ ಸೆಕೆಂಡರಿ ಪರೀಕ್ಷೆಗಾಗಿ ಆಕೆ ಉರುಳುಸೇವೆಯನ್ನು ಹೊತ್ತಿದ್ದಳು. ಚಿಕ್ಕಪ್ಪ ಗಣಿತದಲ್ಲಿ ನಪಾಸಾದನು; ಸದ್ಯ, ಉರುಳುವುದೊಂದು ತಪ್ಪಿತೆಂದು ಒಳಗೊಳಗೆ ಹರ್ಷಿಸಿದನು ಕೂಡ. ಆದರೆ ಅಜ್ಜಿ ದೇವರಲ್ಲಿ ಬೇಡಿದ್ದು "ಪರೀಕ್ಸೆ ಸುಸೂತ್ರವಾಗಿ ಮುಗೀಲಿ" ಎಂದಷ್ಟೆ. ಪರೀಕ್ಷೆ ಸುಸೂತ್ರವಾಗಿಯೇ ಮುಗಿದಿತ್ತು. ಮಳೆ ಬಂದಿರಲಿಲ್ಲ, ಗಾಡಿ ತಪ್ಪಿರಲಿಲ್ಲ. ಆದಕಾರಣ ಚಿಕ್ಕಪ್ಪ ಒದ್ದೆಬಟ್ಟೆಯಲ್ಲಿ ಪ್ರಾಕಾರವನ್ನು ಉರುಳಿಬಂದನು. ಹಿಂದಿನಿಂದ ಅಜ್ಜಿ ಅವನ ಪಂಚೆಯನ್ನು ಸರಿಪಡಿಸುತ್ತ ನಡೆದಳು.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತನ್ನ ಶರೀರವನ್ನು ಆಕೆ ಪೂರ್ತಿಯಾಗಿ ಬಿಟ್ಟಿರಲಿಲ್ಲ. ದೊಡ್ಡಮಗನ ವಿಷಮಜ್ವರಕ್ಕೆಂದು ಸೋಮವಾರ, ಮಗಳ ಹೆರಿಗೆಗೆಂದು ಶುಕ್ರವಾರ, ಬರಗಾಲದ ವರ್ಷ ಉಳಿದ ಎತ್ತಿಗೆಂದು ಶನಿವಾರ ಒಪ್ಪತ್ತು ಹಿಡಿದಿದ್ದಳು. ಜ್ವರ ಬಿಟ್ಟಿತು, ಕೂಸು ಹುಟ್ಟಿ ಬೆಳೆದು ಮದುವೆಯಾಯಿತು, ಎತ್ತು ಕಾಲಾಂತರದಲ್ಲಿ ಸತ್ತಿತು, ಒಪ್ಪತ್ತು ಬಿಡಲಿಲ್ಲ. ಆ ದಿನಗಳಲ್ಲಿ ಆಕೆಯ ಪಾಲಿನ ರಾಗಿಮುದ್ದೆ ರಾತ್ರಿ ಯಾರ ತಟ್ಟೆಗೆ ಬೀಳುತ್ತಿತ್ತೆಂಬುದನ್ನು ಗಮನಿಸುವ ವಯಸ್ಸು ನಮಗಾಗಿರಲಿಲ್ಲ. ತಿಂದವರು ನಾವೇ ಇರಬೇಕು.

ಇಂತಹ ಕಟ್ಟುನಿಟ್ಟಿನ ವ್ಯವಹಾರಕ್ಕೆ ಧಕ್ಕೆ ತಂದದ್ದು ದೇವರಲ್ಲ, ಸರ್ಕಾರ. 1957ರ ಏಪ್ರಿಲ್ 1ರಂದು ರೂಪಾಯಿಯು ಹದಿನಾರಾಣೆಯಾಗುವುದನ್ನು ಬಿಟ್ಟು 100 ನಯಾಪೈಸೆಯಾಯಿತು. ಆಣೆಯೊಂದಕ್ಕೆ 6 ನಯಾಪೈಸೆಯೆಂದು ನಿಗದಿಯಾಯಿತು. ಅಕ್ಷರ ಬಾರದ ಅಜ್ಜಿ ಬೆರಳ ಗೆಣ್ಣುಗಳನ್ನು ಎಣಿಸಿ, ಆರು ಹದಿನಾರಲಿ ತೊಂಬತ್ತಾರೇ ಆಗುವುದನ್ನು ಕಂಡುಹಿಡಿದು, "ಮಿಕ್ಕ ನಾಕು ಪೈಸ ಯಾರ ಮನೆ ಹಾಳಾಗೋಕೆ ಹೋಯ್ತು?" ಎಂದು ಶಾಲೆಯ ಮೇಷ್ಟರನ್ನು ಜಗಲಿಯ ಮೇಲೆ ನಿಲ್ಲಿಸಿ ಕೇಳಿದಳು. ನಾಲ್ಕಾಣೆಯನ್ನು ಇಡಿಯಾಗಿ ಕೊಟ್ಟರೆ 25 ಬರುವುದು, ಬಿಡಿಯಾಗಿ ಕೊಟ್ಟರೆ 24 ಆಗುವುದು ಎಂಬ ಮೇಷ್ಟರ ಸಮಾಧಾನ ಆಕೆಯ ಭೀತಿಯನ್ನು ಇಮ್ಮಡಿಸಿತು; ಏಕೆಂದರೆ ಬಡವರು ದೇವರಿಗೆ ಕೊಡುವುದೆಲ್ಲ ಬಿಡಿಯಾಗಿಯೇ ಅಲ್ಲವೆ? ಕಡೆಗೆ ಆಕೆ ತನ್ನದೇ ಒಂದು ದರವನ್ನು ಜಾರಿಗೆ ತಂದಳು: ದೇವರ ಆಣೆಗೆ ಏಳು ನಯಾಪೈಸೆ, ಎಲೆಯಡಿಕೆಯ ಸಾಬರ ಆಣೆಗೆ ಆರು. ಭಾರತ ಸರ್ಕಾರದ ಖಜಾನೆಯಲ್ಲಿ ಇಷ್ಟು ಸುಲಭವಾದ ಪರಿಹಾರವು ಯಾರಿಗೂ ಹೊಳೆಯಲಿಲ್ಲವೆಂಬುದು ಆಶ್ಚರ್ಯ.

ಆಕೆ ತೀರಿಕೊಂಡು ತಿಥಿಯಾದ ಮೇಲೆ ಹಲಸಿನ ಮರದ ಪೆಟ್ಟಿಗೆಯನ್ನು ತೆರೆದಾಗ, ಮಡಿಸಿದ ಎರಡು ಸೀರೆಗಳ ಕೆಳಗೆ ಹಳದಿ ಗಂಟುಗಳ ರಾಶಿಯೇ ಇದ್ದಿತು. ಯಾವುದರ ಮೇಲೂ ಹೆಸರಿಲ್ಲ. ಮಾದೇಶ್ವರನ ಬೆಟ್ಟ, ಬಿಳಿಗಿರಿ, ಘಾಟಿ, ಮೇಲುಕೋಟೆಗಳಿಗೆ ಬಸ್ಸಿನ ಛಾರ್ಜನ್ನು ಲೆಕ್ಕಹಾಕಿದೊಡನೆ ಚಿಕ್ಕಪ್ಪನಲ್ಲಿ ಅದ್ವೈತಜ್ಞಾನವುದಿಸಿ, ದೇವರು ಒಬ್ಬನೇ ಆದುದರಿಂದ ಎಲ್ಲವನ್ನೂ ಹತ್ತಿರದ ಹುಂಡಿಯೊಂದಕ್ಕೆ ಹಾಕಬಹುದೆಂದು ಅಪ್ಪಣೆಯಾಯಿತು. ಸೋದರತ್ತೆ ಕೆರಳಿದಳು. ಗಂಟುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ ನೋಡಿ, ಒಂಟಿಗಂಟು ಶಿವನಿಗೆ, ಜೋಡಿಗಂಟು ನಾರಾಯಣನಿಗೆ, ಒಳಗೆ ಅಡಿಕೆ ಸಿಕ್ಕಿದರೆ ಅಮ್ಮನವರಿಗೆ ಎಂದು ಬೇರ್ಪಡಿಸತೊಡಗಿದಳು. ತಾಯಿಯ ಪಕ್ಕದಲ್ಲಿ ಕುಳಿತು ಕಂಡದ್ದಂತೆ. ಎಲ್ಲ ಮುಗಿದ ಬಳಿಕ ಹೊಸದೊಂದು ಬಟ್ಟೆಯ ಚೂರನ್ನು ಅರಿಶಿನದಲ್ಲಿ ಅದ್ದುತ್ತಿರುವುದನ್ನು ಕಂಡು, ಇದೇನೆಂದು ವಿಚಾರಿಸಿದೆ.

"ಅಮ್ಮನ ಲೆಕ್ಕ ಎಲ್ಲಾ ಚುಕ್ತಾ ಆಗಿಬಿಡ್ಲಿ ಅಂತ ಚಾಮುಂಡಿಗೆ ಹೊತ್ಕೊಂಡೆ ಕಣೋ. ಬೆಟ್ಟದ ಅಷ್ಟೂ ಮೆಟ್ಲಿಗೆ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚೋದು."

ಮೆಟ್ಟಿಲುಗಳು ಸಾವಿರವಿವೆಯಲ್ಲ, ಈ ಮಂಡಿನೋವಿನಲ್ಲಿ ಹೇಗೆ ಹತ್ತುವೆ ಎಂದೆ.

"ನಾನ್ಯಾಕೆ ಹತ್ಲಿ? ನಿನ್ನ ಹೆಸರು ಹೇಳಿದೀನಿ."