ನಾಮಬಲ ಮೀಮಾಂಸೆ: ಟಿ. ದಾಸರಹಳ್ಳಿಯಲ್ಲಿ ಬ್ರಾಂಚ್ ನಿರ್ಣಯ

ಸಿಇಟಿ ರ‍್ಯಾಂಕ್ ಬಂದ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಎಂಜಿನಿಯರಿಂಗಿನಲ್ಲಿ ಯಾವ ಬ್ರಾಂಚ್? ಮಗುವಿನ ಆಸಕ್ತಿ, ಗಣಿತದಲ್ಲಿ ಅದರ ಗತಿ ಮುಂತಾದ ಅಪ್ರಸ್ತುತ ವಿಷಯಗಳಲ್ಲಿ ಹಿಂದಿನ ಪಂಡಿತರು ಕಾಲಹರಣ ಮಾಡಿದ್ದಾರೆ. ಪ್ರಸ್ತುತ ಪ್ರಬಂಧದ ಪ್ರತಿಪಾದನೆ ಇಷ್ಟೇ: ಹೆಸರಿನಲ್ಲಿ ಕಂಪ್ಯೂಟರ್ ಇದ್ದರೆ ಅದು ಕಂಪ್ಯೂಟರ್ ವಿದ್ಯೆ, ಇಲ್ಲದಿದ್ದರೆ ಅಲ್ಲ. ಊರಿನ ಹೆಸರಲ್ಲೇ ದಾಸರಿರುವಾಗ ನಾಮಬಲವನ್ನು ಶಂಕಿಸುವುದು ಅಧಿಕಪ್ರಸಂಗವೂ ಹೌದು. ಪ್ರತ್ಯಕ್ಷ ಪ್ರಮಾಣ ಕೆಇಎ ಆಪ್ಷನ್ ಎಂಟ್ರಿಯ ಪಟ್ಟಿಯಲ್ಲಿದೆ. ಬರೀ ಕಂಪ್ಯೂಟರ್ ಸೈನ್ಸ್ ಸಿಗದವರಿಗಾಗಿ ಅದೇ ಹೆಸರಿನ ಪಕ್ಕ ಬ್ರಾಕೆಟ್ ಹಾಕಿ ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ತುಂಬಿಸಿದ್ದಾರೆ. ಬ್ರಾಕೆಟ್ ಉದ್ದವಾದಷ್ಟೂ ಮದುವೆಮನೆಯಲ್ಲಿ ಕೇಳಿದ ನೆಂಟರು ಬೇಗ ಸುಮ್ಮನಾಗುತ್ತಾರೆ.

ಇಲ್ಲಿ ಪೂರ್ವಪಕ್ಷ: ವಿಟಿಯುವಿನ 2022ರ ಸ್ಕೀಮಿನಲ್ಲಿ ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್ ಎಐ-ಎಂಎಲ್‌ನವರಿಗೂ ಇನ್ಫರ್ಮೇಶನ್ ಸೈನ್ಸಿನವರಿಗೂ ಒಂದೇ ಅಲ್ಲವೇ? ಒಂದೇ. ಆದರೆ ಸಿಲಬಸ್ ಓದಿ ಸೀಟು ಹಿಡಿದವರು ಯಾರಿದ್ದಾರೆ? ಆಕ್ಷೇಪ ಅಲ್ಲಿಗೆ ಬಿದ್ದುಹೋಯಿತು. ಇನ್ಫೊಸಿಸ್ ಕಟ್ಟಿದವರಲ್ಲಿ ಒಬ್ಬರಾದ ನಾರಾಯಣ ಮೂರ್ತಿ 1967ರಲ್ಲಿ ಮೈಸೂರಿನ ಎನ್‌ಐಇಯಲ್ಲಿ ಮುಗಿಸಿದ್ದು ಎಲೆಕ್ಟ್ರಿಕಲ್ ಎಂದು ಕೆಲವರು ನೆನಪಿಸುತ್ತಾರೆ. ಪಾಪ, ಆಗ ಬ್ರಾಕೆಟ್ಟಿನ ಸೌಲಭ್ಯವಿರಲಿಲ್ಲ. ಕ್ಯಾಂಪಸ್ಸಿಗೆ ಬರುವ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಎಷ್ಟೋ ಸಲ ಯಾವ ಬ್ರಾಂಚ್ ಆದರೂ ಸರಿ ಎನ್ನುವುದೂ ನಿಜ. ಅವು ಶಾಸ್ತ್ರ ಓದಿಲ್ಲ.

ಗಂಭೀರ ಆಕ್ಷೇಪ ಬರುವುದು ತುಮಕೂರು ರಸ್ತೆಯ ಆಚೆಯಿಂದ, ಮೆಟ್ರೊ ಕಂಬಗಳನ್ನು ದಾಟಿಕೊಂಡು. ಪೀಣ್ಯದ ಶೆಡ್ಡಿನಲ್ಲಿ ಐಟಿಐ ಮುಗಿಸಿದ ಆಪರೇಟರ್ ಕೂಲೆಂಟ್ ಅಂಟಿದ ಬೆರಳಲ್ಲೇ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಮ್ ಒತ್ತುತ್ತಾನೆ. ಜಿ00 ಎಂದರೆ ಟೂಲ್ ಖಾಲಿ ಜಾಗದಲ್ಲಿ ಸರ್ರನೆ ಓಡುತ್ತದೆ, ಜಿ01 ಎಂದರೆ ನೇರ ಗೆರೆಯಲ್ಲಿ ಲೋಹ ಕತ್ತರಿಸುತ್ತದೆ, ಎಂ30 ಎಂದರೆ ಪ್ರೋಗ್ರಾಮ್ ಮುಗಿಯಿತು. ದಶಮಾಂಶ ಬಿಂದು ಒಂದು ಜಾರಿದರೆ ಟೂಲ್ ಮುರಿದು ಜಾಬ್ ಸ್ಕ್ರ್ಯಾಪಿಗೆ ಹೋದೀತು. ಇದೂ ಕೋಡಿಂಗ್ ತಾನೆ ಎಂದು ವಾದಿಸುವವರಿದ್ದಾರೆ. ಅಲ್ಲ. ಬಾಗಿಲ ಮೇಲಿನ ಬೋರ್ಡು ಎಂಜಿನಿಯರಿಂಗ್ ವರ್ಕ್ಸ್ ಎನ್ನುತ್ತದೆ, ಅವನ ಸರ್ಟಿಫಿಕೇಟು ಮೆಷಿನಿಸ್ಟ್ ಎನ್ನುತ್ತದೆ. ಎರಡರಲ್ಲೂ ಕಂಪ್ಯೂಟರ್ ಇಲ್ಲ. ಮೇಲಾಗಿ ಅವನ ತಪ್ಪು ನಿಂತ ನಿಲುವಿನಲ್ಲೇ ಗೊತ್ತಾಗುತ್ತದೆ. ನಮ್ಮ ವಿದ್ಯೆಯಲ್ಲಿ ನಾಲ್ಕು ವರ್ಷವಾದರೂ ಗೊತ್ತಾಗದಿರಬಹುದು. ಯಾವುದು ಉನ್ನತ ವಿದ್ಯೆ ಎಂದು ಬಿಡಿಸಿ ಹೇಳಬೇಕೇ?

ಆದಕಾರಣ ಪೋಷಕರಲ್ಲಿ ವಿನಂತಿ: ಆಪ್ಷನ್ ಎಂಟ್ರಿ ಮುಗಿಯುವತನಕ ಮಕ್ಕಳನ್ನು ಪೀಣ್ಯದ ಕಡೆ ಬಿಡಬೇಡಿ. ಅಲ್ಲಿ ಯಾರಾದರೂ ಪ್ರೋಗ್ರಾಮ್ ಹೇಳಿಕೊಟ್ಟು ಬಿಟ್ಟಾರು.