ನೈಸಾಗಿ ರುಬ್ಬಿದ್ದು

ಹಾಸನದಿಂದ ಇಂಗ್ಲೆಂಡಿನ ರೆಡಿಂಗಿಗೆ ಬಂದ ಮೊದಲ ವಾರವೇ ಅಮ್ಮ ಪಕ್ಕದ ಮನೆಯ ಅಜ್ಜಿಗೆ ಒಂದು ಡಬ್ಬಿ ಹಾಗಲಕಾಯಿ ಗೊಜ್ಜು ಕೊಟ್ಟುಬಂದಳು. ಬೇಡವೆಂದರೆ ಕೇಳುವವಳಲ್ಲ. ಮಾರನೇ ದಿನ ಅಜ್ಜಿ ಡಬ್ಬಿಯನ್ನು ಫಳಫಳ ತೊಳೆದು ತಂದುಕೊಟ್ಟು, "ವೆರಿ ನೈಸ್" ಎಂದು ಹೋದರು.

ಅಮ್ಮ ಮುಚ್ಚಳ ತೆಗೆದಳು. ಖಾಲಿ. ಒಂದು ಚಮಚ ಸಕ್ಕರೆಯೂ ಇಲ್ಲ.

"ಏನಂದ್ಳೋ ಆಯಮ್ಮ?"

"ಗೊಜ್ಜು ನೈಸಾಗಿತ್ತಂತೆ ಕಣಮ್ಮ."

"ನೈಸಾಗೆಲ್ಲಿತ್ತು? ನಿಮ್ಮ ಮಿಕ್ಸೀಲಿ ಎಷ್ಟು ತಿರುಗಿಸಿದ್ರೂ ಮಸಾಲೆ ತರಿತರಿಯಾಗೇ ಉಳೀತು. ಖಾಲಿ ಡಬ್ಬಿ ಕೊಟ್ಟು ನನಗೇ ನೈಸ್ ಹೊಡೀತಾಳೆ!"

ಅಮ್ಮನ ನೈಸಿನ ಲೆಕ್ಕವೇ ಬೇರೆ. ದೋಸೆಹಿಟ್ಟು ನೈಸಾಗಿರಬೇಕು. ಸೀರೆ ನೈಸಾಗಿರಬಾರದು, ಉಟ್ಟರೆ ಜಾರುತ್ತದೆ. ಹೋಟೆಲಿನಲ್ಲಿ ಬಿಲ್ಲು ಬರುವ ಹೊತ್ತಿಗೆ ಚಿಕ್ಕಪ್ಪ ನೈಸಾಗಿ ಕೈತೊಳೆಯಲು ಹೋಗುತ್ತಾನೆ. ಇದರಲ್ಲೆಲ್ಲೂ 'ಚೆನ್ನಾಗಿದೆ' ಎಂಬ ಮಾತಿಲ್ಲ. ಗೊಜ್ಜು ಚೆನ್ನಾಗಿದ್ದರೆ ಜನ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾರೆ, ಬಾಯಿಬಿಟ್ಟು ಹೇಳುವುದೇನಿದೆ?

ನಾನು ಸುಮ್ಮನಿರಬೇಕಿತ್ತು. ಪಾಂಡಿತ್ಯ ಬಿಡಬೇಕಲ್ಲ! ನೈಸ್‌ನ ಮೂಲ ಲ್ಯಾಟಿನ್ನಿನ 'ನೆಸ್ಕಿಯುಸ್', ಹಾಗೆಂದರೆ ಏನೂ ತಿಳಿಯದವನು, ಫ್ರೆಂಚಿನ ದಾರಿ ಹಿಡಿದು ಇಂಗ್ಲಿಷಿಗೆ ಬಂದಾಗ, 1300ರ ಸುಮಾರಿಗೆ, ಪೆದ್ದರಿಗೆ ನೈಸ್ ಎನ್ನುತ್ತಿದ್ದರು ಎಂದುಬಿಟ್ಟೆ.

"ಅಂದ್ರೆ ನನ್ನ ಪೆದ್ದಿ ಅಂದ್ಳಾ?"

ಇಲ್ಲಮ್ಮ, ಆಮೇಲೆ ಅದು ಎಲ್ಲಕ್ಕೂ ಮೂಗು ಮುರಿಯುವ ನಾಜೂಕಿನವರ ಹೆಸರಾಯಿತು, 16ನೇ ಶತಮಾನದ ಹೊತ್ತಿಗೆ ಬಹಳ ಸೂಕ್ಷ್ಮವಾದದ್ದು ಎಂದಾಯಿತು, 'ಹಿತವಾದದ್ದು' ಎಂದು ಬಳಕೆಗೆ ಬಂದದ್ದು 18ನೇ ಶತಮಾನದಲ್ಲಿ ಎಂದು ಸಮಾಧಾನ ಹೇಳಿದೆ. (ಆ ಲೆಕ್ಕಕ್ಕೆ ಅಮ್ಮನ ರುಬ್ಬುವ ನೈಸು ಷೇಕ್ಸ್‌ಪಿಯರನ ಕಾಲಕ್ಕೇ ಹತ್ತಿರ.) ಬಾಲ್ಯದಲ್ಲಿ ಇದೇ ರೆಡಿಂಗಿನ ಶಾಲೆಗೆ ಬಂದಿದ್ದ ಜೇನ್ ಆಸ್ಟೆನ್, 1817ರ ಕೊನೆಗೆ ಹೊರಬಂದ 'ನಾರ್ತ್ಯಾಂಗರ್ ಅಬ್ಬೆ'ಯಲ್ಲಿ, ಸಿಕ್ಕಿದ್ದಕ್ಕೆಲ್ಲ ನೈಸ್ ಅಂಟಿಸುವ ಚಾಳಿಯನ್ನು ನಾಯಕನ ಬಾಯಲ್ಲಿ ಚೆನ್ನಾಗಿ ಗೇಲಿ ಮಾಡಿಸಿದ್ದಾಳೆ. ಓದಿದವರೆಲ್ಲ ನಕ್ಕು, ಪುಸ್ತಕ ನೈಸಾಗಿದೆ ಎಂದಿರಬೇಕು.

ಅಮ್ಮನ ಕಿವಿ ಶತಮಾನಗಳ ಮೇಲಿತ್ತೋ, ಕುಕ್ಕರಿನ ಸೀಟಿಯ ಮೇಲಿತ್ತೋ.

ಮುಂದಿನ ಭಾನುವಾರ ಅಜ್ಜಿ ತಾವೇ ಮಾಡಿದ ಒಂದು ಸೀಸೆ ಮಾರ್ಮಲೇಡ್ ತಂದರು. ಕಹಿ ಕಿತ್ತಳೆಯನ್ನು ಸಿಪ್ಪೆ ಸಮೇತ ಸಕ್ಕರೆಯಲ್ಲಿ ಕುದಿಸಿದ್ದು. ಅಮ್ಮ ರುಚಿ ನೋಡುವ ತನಕ ಬಾಗಿಲಲ್ಲೇ ನಿಂತರು. ದಿನಾ ಹಾಗಲಕಾಯಿ ತಿನ್ನುವವಳ ಮುಖವೂ ಒಂದು ಗಳಿಗೆ ಕಿವುಚಿಕೊಂಡಿತು.

"ವೆರಿ ನೈಸ್" ಎಂದಳು.

ಅಜ್ಜಿ ಸಂತೋಷವಾಗಿ ಹೋದರು. ಅಮ್ಮ ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು.

"ಯಾವ ಶತಮಾನದ್ದು ಅಂತ ಆಯಮ್ಮ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."